ಕಂಪನಿಗೆ ಉದ್ದರಿ ಕೊಡುವ ಮೆಕ್ಕೆಜೋಳ ಬೆಳೆಗಾರರೇ, ಎಚ್ಚರ

ದಾವಣಗೆರೆ ಸುತ್ತಲಿನ ರೈತರು ಇದನ್ನು ದಯವಿಟ್ಟು ಪೂರ್ತಿ ಓದಿ. ಎಪಿಎಂಸಿಗಿಂತ ಹೆಚ್ಚಿನ ದರ ಕೊಡುತ್ತೇವೆ, ಕಣದಲ್ಲೇ ತೂಕ ಮಾಡಿಸುತ್ತೇವೆ ಎಂದು ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯವರು ನಮ್ಮ ಊರಿಗೆ ಬಂದರು. ಮೊದಲ ಲೋಡುಗಳ ಹಣ ಕೈಗೆ ಸಿಕ್ಕಿತು. ಆಮೇಲೆ ಎಲ್ಲವೂ ಉದ್ದರಿ. ಕೊನೆಗೆ ಕೊಟ್ಟ ಚೆಕ್ಕುಗಳು ಬೌನ್ಸ್ ಆದವು.

ನಿರ್ದೇಶಕರ ಮನೆಗೇ ಹೋಗಿ ಕೇಳಿದೆವು. "ಯಜಮಾನರೇ, ನಿಮ್ಮ ಬಾಕಿ ಇರುವುದು ಕಂಪನಿಯಿಂದ, ನನ್ನಿಂದಲ್ಲ. ಕಂಪನಿಯ ಖಾತೆಯಲ್ಲಿ ದುಡ್ಡಿಲ್ಲ" ಎಂದರು. ನಾವು ಈ ಮಾತು ಕೇಳಿಸಿಕೊಂಡು ನಿಂತಿದ್ದು ಅವರ ಹೊಸ ಕಾರಿನ ಪಕ್ಕದಲ್ಲಿ.

ಸಂಕಟದ ಸಂಗತಿಯೆಂದರೆ, ಕಾನೂನಿನ ಕಣ್ಣಿನಲ್ಲಿ ಆ ಮಾತು ಬಹುಮಟ್ಟಿಗೆ ಸರಿ. 2013ರ ಕಂಪನಿ ಕಾಯ್ದೆಯ 9ನೇ ಕಲಮಿನಂತೆ ನೋಂದಣಿಯಾದ ದಿನದಿಂದ ಕಂಪನಿಯೇ ಬೇರೊಬ್ಬ ವ್ಯಕ್ತಿಯಿದ್ದಂತೆ. ಆಸ್ತಿ ಕೊಳ್ಳುತ್ತದೆ, ದಾವೆ ಹೂಡುತ್ತದೆ, ಅದರ ಸಾಲ ಅದಕ್ಕೇ. 1897ರಲ್ಲಿ ಇಂಗ್ಲೆಂಡಿನ ಸಾಲೊಮನ್ ಎಂಬ ಬೂಟು ವ್ಯಾಪಾರಿಯ ಪ್ರಕರಣದಲ್ಲಿ ಈ ತತ್ವ ಗಟ್ಟಿಯಾಯಿತು. 20,007 ಷೇರುಗಳಲ್ಲಿ 20,001 ಅವನವೇ ಆಗಿದ್ದರೂ ಕಂಪನಿಯ ಸಾಲಕ್ಕೆ ಅವನು ಹೊಣೆಯಲ್ಲ ಎಂದು ತೀರ್ಪಾಯಿತು. ನಮ್ಮಲ್ಲಿ 2015ರ ತಿದ್ದುಪಡಿಯಿಂದ, ಪ್ರೈವೇಟ್ ಕಂಪನಿಗೆ ಕನಿಷ್ಠ ಒಂದು ಲಕ್ಷ ರೂಪಾಯಿ ಬಂಡವಾಳ ಇರಬೇಕೆಂಬ ನಿಯಮವೂ ಹೋಯಿತು.

ಕಂಪನಿಯನ್ನು ವ್ಯಕ್ತಿ ಎಂದು ಕರೆಯುವುದಕ್ಕೆ ನನ್ನ ತಕರಾರಿಲ್ಲ. ಇಲ್ಲದಿದ್ದರೆ ಅದರ ಮೇಲೆ ದಾವೆಯನ್ನೇ ಹೂಡಲಾಗದು. ಆದರೆ ಕಂಪನಿ ದೇಶದ ನಾಗರಿಕನಲ್ಲ ಎಂದು 1963ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಿದ್ದ ಮೇಲೆ ಈ ವ್ಯಕ್ತಿತ್ವಕ್ಕೆ ಎಲ್ಲೆ ಹಾಕಲು ಸಾಧ್ಯವಿದೆ. ಬರಿದಾದ ಕಂಪನಿಯ ಹೆಸರಿನಲ್ಲಿ ರೈತನ ಬೆಳೆ ಒಯ್ದವನು ಸ್ವಂತ ಆಸ್ತಿಯಿಂದಲೇ ಬಾಕಿ ತೀರಿಸುವಂತಾಗಬೇಕು. ವಂಚನೆ ಸಾಬೀತಾದರೆ ನ್ಯಾಯಾಲಯ ಈಗಲೂ ಕಂಪನಿಯ ಹಿಂದಿರುವವರನ್ನು ಹಿಡಿಯಬಲ್ಲದು. ಅದನ್ನು ಸಾಬೀತುಪಡಿಸುತ್ತಾ ಎರಡೆಕರೆ ರೈತ ಎಷ್ಟು ಕಾಲ ಕೋರ್ಟಿಗೆ ಅಲೆಯಬೇಕು?

ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದನ್ನು ಮಾಡಿ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಬಂಡವಾಳ ಎಷ್ಟು, ನಿರ್ದೇಶಕರು ಯಾರು ಎಂದು ನೋಡಿ. ಉದ್ದರಿ ಕೊಡುವುದೇ ಆದರೆ ನಿರ್ದೇಶಕರಿಂದ ವೈಯಕ್ತಿಕ ಜಾಮೀನು ಬರೆಸಿಕೊಳ್ಳಿ. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ, ಬೇರೆ ಷರತ್ತು ಬರೆಯದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಚೆಕ್ ಬೌನ್ಸ್ ಆದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ನೋಟಿಸ್ ಕಳುಹಿಸಿ. ದೂರಿನಲ್ಲಿ ಕಂಪನಿಯನ್ನೂ ಆರೋಪಿಯಾಗಿ ಸೇರಿಸಲೇಬೇಕು, ನಿರ್ದೇಶಕರನ್ನಷ್ಟೇ ಹೆಸರಿಸಿದರೆ ಮೊಕದ್ದಮೆ ನಿಲ್ಲದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ನಮ್ಮ ಊರಿನ ಒಬ್ಬರ ದೂರು ಬಿದ್ದುಹೋಗಿದ್ದು ಇದೇ ಕಾರಣಕ್ಕೆ.