ಚಿಗಟದ ಬಾಚಣಿಗೆ: ಹಲ್ಲು ಗಟ್ಟಿ, ಹಿಡಿ ದುರ್ಬಲ

ಕಾಡು ಇಲಿಗಳ ಮೈಮೇಲಿನ ಪರೋಪಜೀವಿಗಳನ್ನು ಎಣಿಸುವುದು ನನ್ನ ಕೆಲಸ. ಈ ಸ್ಟೀಲ್ ಬಾಚಣಿಗೆ ಕೊಂಡು ಮೂರು ತಿಂಗಳಾಯಿತು. ಮಂಪರಿನಲ್ಲಿರುವ ಇಲಿಯನ್ನು ಬಿಳಿ ತಟ್ಟೆಯ ಮೇಲೆ ಹಿಡಿದು, ಬಾಲದಿಂದ ಕುತ್ತಿಗೆಯತ್ತ ರೋಮಕ್ಕೆ ಎದುರಾಗಿ ಬಾಚಿದರೆ ಚಿಗಟಗಳು ಉದುರುತ್ತವೆ. ಎರಡೂ ಪಕ್ಕದಿಂದ ಒತ್ತಿದಂತಿರುವ ಚಿಗಟದ ಮೈ ಕೂದಲ ನಡುವೆ ಹೇಗೆ ನುಸುಳುತ್ತದೆಂದು ಬಲ್ಲವರಿಗೆ ಇದು ಸಣ್ಣ ಮಾತಲ್ಲ. ಹೇನಿನ ಮುಂದೆ ಮಾತ್ರ ಸೋಲು. ಹುಟ್ಟಿನಿಂದ ಸಾವಿನವರೆಗೆ ಇಲಿಯ ಮೈಯಲ್ಲೇ ಬಾಳುವ ಪ್ರಾಣಿ, ಉಗುರಿನಿಂದ ರೋಮವನ್ನು ತಬ್ಬಿಕೊಂಡರೆ ಬಿಡುವುದೇ ಇಲ್ಲ. ಕಿವಿಯೊಳಗೆ ಗುಂಪುಗಟ್ಟಿದ ಕಿತ್ತಳೆ ಬಣ್ಣದ ನುಸಿಮರಿಗಳಿಗಂತೂ ಚಿಮಟವೇ ಬೇಕು. ಪ್ಲಾಸ್ಟಿಕ್ ಹಿಡಿ ಆಲ್ಕೋಹಾಲ್ ತಾಗಿ ಬಿರುಕು ಬಿಟ್ಟಿದೆ. ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದೇನೆ. ಹಲ್ಲು ಒಂದೂ ಬಾಗಿಲ್ಲ. ಇನ್ನೊಂದು ಕೊಳ್ಳುತ್ತೇನೆ, ಲೋಹದ ಹಿಡಿಯದ್ದು ಸಿಕ್ಕರೆ.