‘ಪಾಲು ಸಿಕ್ತಾ?’ ಅಂತ ಕೇಳುವ ಮೇಷ್ಟ್ರು: ನಾಲ್ಕು ಭಾನುವಾರದ ಡೇಟಾ ಸಫಿಷಿಯೆನ್ಸಿ ಕ್ಲಾಸ್

ವಿಜಯನಗರದಲ್ಲಿ ನಿವೃತ್ತ ಗಣಿತ ಮೇಷ್ಟ್ರೊಬ್ಬರು ತಮ್ಮ ಮನೆಯ ಮಹಡಿ ಮೇಲೆ ಕ್ಲಾಸ್ ನಡೆಸುತ್ತಾರೆ. ನಾಲ್ಕು ಭಾನುವಾರ, ಬೆಳಿಗ್ಗೆ 9ರಿಂದ 12. ಫೀಸು 2,400 ರೂಪಾಯಿ. ನಮ್ಮ ಬ್ಯಾಚಿನಲ್ಲಿ 14 ಜನ ಇದ್ದೆವು. ಇಬ್ಬರು ಎಂಬಿಎ ಪ್ರವೇಶದ ಜಿಮ್ಯಾಟ್ ಪರೀಕ್ಷೆಗೆ ಓದುವವರು, ಉಳಿದವರೆಲ್ಲ ನನ್ನ ಹಾಗೆ ಬ್ಯಾಂಕ್ ಪಿ.ಒ. (ಪ್ರೊಬೇಷನರಿ ಆಫೀಸರ್) ಪರೀಕ್ಷೆಯವರು. ಬಾಗಿಲಿಗೆ ಬೋರ್ಡಿಲ್ಲ. ಓದಿ ಹೋದವರು ಹೇಳಿ ಕಳಿಸಿದವರಷ್ಟೇ ಬರುತ್ತಾರೆ. ಹೆಸರು ಎಲ್ಲೂ ಹಾಕಬೇಡಿ ಅಂತ ಅವರೇ ಕೇಳಿಕೊಂಡಿದ್ದರಿಂದ ಇಲ್ಲೂ ಹಾಕಿಲ್ಲ.

ಡೇಟಾ ಸಫಿಷಿಯೆನ್ಸಿ, ಅಂದರೆ ಕೊಟ್ಟ ಮಾಹಿತಿ ಸಾಕಾ ಅಂತ ಕೇಳುವ ಪ್ರಶ್ನೆ, ನೋಡದವರಿಗೆ ಒಂದು ಮಾತು. ಒಂದು ಪ್ರಶ್ನೆ ಇರುತ್ತದೆ, ಅದರ ಕೆಳಗೆ ಎರಡು ಹೇಳಿಕೆ. ಲೆಕ್ಕ ಮಾಡಿ ಉತ್ತರ ಬರೆಯುವುದು ನಮ್ಮ ಕೆಲಸ ಅಲ್ಲ. ಮೊದಲನೆಯದೊಂದೇ ಸಾಕಾ, ಎರಡನೆಯದೊಂದೇ ಸಾಕಾ, ಯಾವುದಾದರೂ ಒಂದಿದ್ದರೆ ಆಯ್ತಾ, ಎರಡೂ ಬೇಕಾ, ಎರಡೂ ಸೇರಿದರೂ ಸಾಲದಾ, ಇಷ್ಟು ಹೇಳಿದರೆ ಸಾಕು. ಇದರಲ್ಲಿ ನನಗೆ ಯಾವಾಗಲೂ ಕೈ ಕೊಡುತ್ತಿದ್ದದ್ದು ಸರಾಸರಿ ಲೆಕ್ಕ. ಅದೂ ಎರಡು ಗುಂಪು ಸೇರಿಸಿದಾಗಿನ ಸರಾಸರಿ. ಹೋದ ವರ್ಷ ಬೇರೆ ಕಡೆ, 80 ಜನರ ಹಾಲ್‌ನಲ್ಲಿ ಕೂತು ಸೂತ್ರ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಸೂತ್ರ ನೆನಪಿಗೆ ಬಂತು, ಆದರೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗಲಿಲ್ಲ.

ಮೇಷ್ಟ್ರು ಮೊದಲ ದಿನ ಬೋರ್ಡಿನ ಮೇಲೆ ಬರೆದದ್ದು ಹಾಲಿನ ಲೆಕ್ಕ. ಒಂದು ಕ್ಯಾನಿನಲ್ಲಿ ಟೋನ್ಡ್ ಹಾಲು, ಫ್ಯಾಟು ಶೇ. 3. ಇನ್ನೊಂದರಲ್ಲಿ ಸ್ಟ್ಯಾಂಡರ್ಡೈಸ್ಡ್, ಶೇ. 4.5. ಎರಡನ್ನೂ ಬೆರೆಸಿದರೆ ಫ್ಯಾಟು ಎಷ್ಟು? ಹೇಳಿಕೆ ಒಂದು: ಟೋನ್ಡ್ ಹಾಲು ಇನ್ನೊಂದರ ಎರಡರಷ್ಟಿದೆ. ಹೇಳಿಕೆ ಎರಡು: ಒಟ್ಟು ಹಾಲು 30 ಲೀಟರ್.

ಪಕ್ಕದಲ್ಲಿದ್ದ ಹುಡುಗ ಹೇಳಿಕೆ ಓದುವ ಮೊದಲೇ 3.75 ಅಂದ. ನಾನು ‘ಎರಡೂ ಬೇಕು’ ಅಂದೆ. ಎರಡೂ ಇದ್ದರೆ 20 ಲೀಟರ್, 10 ಲೀಟರ್ ಅಂತ ಸಲೀಸಾಗಿ ಬರುತ್ತದೆ ಅಲ್ವಾ? ಮೇಷ್ಟ್ರು ಬೈಯಲಿಲ್ಲ. ‘ಲೀಟರ್ ಯಾಕಮ್ಮಾ ಬೇಕು? ಪಾಲು ಸಿಕ್ತಾ ಇಲ್ವಾ, ಅಷ್ಟು ನೋಡು’ ಅಂದರು. ಎರಡು ಪಾಲು 3, ಒಂದು ಪಾಲು 4.5. ಕೂಡಿದರೆ 10.5, ಮೂರರಿಂದ ಭಾಗಿಸಿದರೆ 3.5. ಹಾಲು 3 ಲೀಟರ್ ಇರಲಿ, 3,000 ಲೀಟರ್ ಇರಲಿ, ಅದೇ 3.5. ಮೊದಲನೇ ಹೇಳಿಕೆಯೊಂದೇ ಸಾಕು. ಆ ಹುಡುಗನ 3.75 ಬರಬೇಕಾದರೆ ಎರಡೂ ಸಮಪಾಲು ಇರಬೇಕು. ಹಾಗಂತ ಯಾರೂ ಹೇಳಿರಲಿಲ್ಲ.

ನನಗೆ ಅಲ್ಲೇ ಅಮ್ಮನ ನೆನಪಾಯಿತು. ನಮ್ಮೂರು ಚನ್ನರಾಯಪಟ್ಟಣದ ಹತ್ತಿರ. ಎಮ್ಮೆ ಕರೆಯುತ್ತಿದ್ದ ದಿನಗಳಲ್ಲಿ ಅಮ್ಮ ಎಮ್ಮೆ ಹಾಲು, ಹಸುವಿನ ಹಾಲು ಎರಡನ್ನೂ ಒಂದೇ ಕ್ಯಾನಿಗೆ ಸುರಿದು ಡೇರಿಗೆ ಒಯ್ಯುತ್ತಿದ್ದರು. ‘ಇವತ್ತು ಎಮ್ಮೇದು ಅರ್ಧ ಪಾಲೂ ಇಲ್ಲ, ಫ್ಯಾಟು ಇಳಿಯುತ್ತೆ’ ಅಂತ ಮನೆಯಲ್ಲೇ ಹೇಳಿಬಿಡುತ್ತಿದ್ದರು. ಲೀಟರ್ ಮಾತೇ ಇರುತ್ತಿರಲಿಲ್ಲ. ಅಷ್ಟು ವರ್ಷ ಕಿವಿಗೆ ಬಿದ್ದ ಮಾತು ನನ್ನ ಓದಿಗೆ ಬಂದು ಸೇರಿದ್ದು ಆ ಭಾನುವಾರ.

ಎರಡನೇ ವಾರ ಕೊಟ್ಟ ಲೆಕ್ಕ ನನಗೆ ತುಂಬಾ ಇಷ್ಟ. ತರಗತಿಯಲ್ಲಿ ಹುಡುಗರಿಗಿಂತ ಹುಡುಗಿಯರು ಜಾಸ್ತಿ ಇದ್ದಾರಾ? ಹೇಳಿಕೆ ಒಂದು: ಹುಡುಗಿಯರ ಸರಾಸರಿ ಅಂಕ 72, ಹುಡುಗರದು 64. ಹೇಳಿಕೆ ಎರಡು: ಇಡೀ ತರಗತಿಯ ಸರಾಸರಿ 67. ಮೇಷ್ಟ್ರು ಸೀಮೆಸುಣ್ಣದಲ್ಲಿ ಒಂದು ಉದ್ದ ಗೆರೆ ಎಳೆದರು. ಎಡಕ್ಕೆ 64, ಬಲಕ್ಕೆ 72, ನಡುವೆ ಒಂದು ಚುಕ್ಕೆ ಇಟ್ಟು 67. ‘ಚುಕ್ಕೆ ಯಾರ ಕಡೆ ವಾಲಿದೆ?’ ಹುಡುಗರ ಕಡೆ. 64ರಿಂದ ದೂರ 3, 72ರಿಂದ ದೂರ 5. ಹತ್ತಿರ ಇರುವವರ ಪಾಲೇ ಜಾಸ್ತಿ, ಅಂದರೆ ಹುಡುಗಿಯರು 3 ಪಾಲು, ಹುಡುಗರು 5 ಪಾಲು. ಪ್ರಶ್ನೆಗೆ ಉತ್ತರ ‘ಇಲ್ಲ’. ನಮ್ಮಲ್ಲಿ ನಾಲ್ಕೈದು ಜನ ‘ಇಲ್ಲ’ ಬಂತು ಅಂದ ಕೂಡಲೇ ‘ಮಾಹಿತಿ ಸಾಲದು’ ಅಂತ ಬರೆದುಬಿಟ್ಟಿದ್ದರು. ಖಚಿತವಾದ ‘ಇಲ್ಲ’ ಕೂಡ ಪೂರ್ತಿ ಉತ್ತರವೇ. ಎರಡೂ ಹೇಳಿಕೆ ಸೇರಿದರೆ ಸಾಕು. ಇದಕ್ಕೆ ಮೇಷ್ಟ್ರು ಅರ್ಧ ಗಂಟೆ ಕೊಟ್ಟರು, ಒಬ್ಬೊಬ್ಬರ ನೋಟ್‌ಬುಕ್ ನೋಡಿಕೊಂಡು ಬಂದರು.

ಆಮೇಲೆ ಅದೇ ಲೆಕ್ಕವನ್ನು ತಿರುಗಿಸಿದರು. ಈಗ ಪಾಲು 3:5 ಗೊತ್ತು, ತರಗತಿಯಲ್ಲಿ ಒಟ್ಟು ಎಷ್ಟು ಜನ? ಪಾಲಿನಿಂದ ತಲೆ ಎಣಿಕೆ ಸಿಗುವುದಿಲ್ಲ, ಸಾಲದು ಅಂತ ಎಲ್ಲರೂ ಅಂದೆವು. ‘ಒಟ್ಟು 35ಕ್ಕಿಂತ ಜಾಸ್ತಿ, 45ಕ್ಕಿಂತ ಕಡಿಮೆ’ ಅಂತ ಒಂದು ಸಾಲು ಸೇರಿಸಿದರು. ಸುಮ್ನೆ ಇಟ್ಟ ಸಾಲು ಅನ್ನಿಸಿತ್ತು. ಆದರೆ ಮನುಷ್ಯರನ್ನು ಅರ್ಧ ಮಾಡೋಕಾಗಲ್ಲ, ಒಟ್ಟು ಎಂಟರ ಮಗ್ಗಿಯಲ್ಲೇ ಬರಬೇಕು. ಆ ನಡುವೆ ಇರುವುದು 40 ಒಂದೇ. ಹಾಲಿಗೆ ಈ ಜಾಣ್ಮೆ ನಡೆಯುವುದಿಲ್ಲ, ತಲೆ ಎಣಿಸುವ ಕಡೆ ಮಾತ್ರ ನಡೆಯುತ್ತದೆ.

ಕೊರತೆಗಳನ್ನೂ ಹೇಳಬೇಕು. ಮುಖ್ಯವಾದದ್ದು ಹಾಳೆಗಳದ್ದು. ಅವರ ಅಭ್ಯಾಸದ ಹಾಳೆಗಳೆಲ್ಲ ಜಿಮ್ಯಾಟ್ ಕ್ರಮದಲ್ಲಿವೆ. ಅಲ್ಲಿ ‘ಸಿ’ ಅಂದರೆ ಎರಡೂ ಸೇರಿದರೆ ಸಾಕು, ‘ಡಿ’ ಅಂದರೆ ಯಾವುದೊಂದಾದರೂ ಸಾಕು, ‘ಇ’ ಅಂದರೆ ಎರಡೂ ಸೇರಿದರೂ ಸಾಲದು. ಬ್ಯಾಂಕ್ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಕೊನೆಯ ಮೂರು ಆಯ್ಕೆಗಳು ಬೇರೆ ಕ್ರಮದಲ್ಲಿ ಬರುತ್ತವೆ. ಅಕ್ಷರ ರೂಢಿಯಾಗಿಬಿಟ್ಟರೆ ಸರಿಯಾಗಿ ಯೋಚಿಸಿಯೂ ತಪ್ಪು ಗುರುತು ಹಾಕುತ್ತೇವೆ. ನನಗೆ ಒಂದು ಮಾಕ್ ಟೆಸ್ಟ್‌ನಲ್ಲಿ ಹೀಗೆ ಎರಡು ಅಂಕ ಹೋಯಿತು. ಈಗ ಅಕ್ಷರ ಬಿಟ್ಟು ಉತ್ತರವನ್ನು ಮಾತಿನಲ್ಲೇ ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ.

ಜಿಮ್ಯಾಟ್‌ನವರಿಗೂ ಹಾಳೆ ಹಳೆಯದು. 2023ರ ಕೊನೆಯಲ್ಲಿ ಆ ಪರೀಕ್ಷೆ ಬದಲಾಯಿತು. ಈ ಪ್ರಶ್ನೆಗಳು ಗಣಿತದ ವಿಭಾಗದಿಂದ ಡೇಟಾ ಇನ್‌ಸೈಟ್ಸ್ ವಿಭಾಗಕ್ಕೆ ಹೋದವು. ಅಲ್ಲಿ 45 ನಿಮಿಷಕ್ಕೆ 20 ಪ್ರಶ್ನೆ, ತೆರೆಯ ಮೇಲೆ ಕ್ಯಾಲ್ಕುಲೇಟರ್ ಕೂಡ ಸಿಗುತ್ತದೆ. ಕ್ಲಾಸಿನಲ್ಲಿ ಗಡಿಯಾರ ಇಟ್ಟುಕೊಂಡು ಬಿಡಿಸುವ ಅಭ್ಯಾಸವೇ ಇಲ್ಲ. ಅದನ್ನು ಮನೆಯಲ್ಲಿ ನಾವೇ ಮಾಡಿಕೊಳ್ಳಬೇಕು.

ಆದರೂ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅಷ್ಟು ತಾಳ್ಮೆಯಿಂದ ಒಂದೇ ಗೆರೆಯನ್ನು ನಾಲ್ಕು ವಾರ ಎಳೆದು ತೋರಿಸಿದವರು ನನಗೆ ಬೇರೆ ಯಾರೂ ಸಿಕ್ಕಿಲ್ಲ. ಹೋಗುವವರು ಗೆರೆ ಇಲ್ಲದ ನೋಟ್‌ಬುಕ್ ಒಯ್ಯಿರಿ, ಚಿತ್ರ ಜಾಸ್ತಿ ಬರೆಸುತ್ತಾರೆ. ಗಾಡಿ ನಿಲ್ಲಿಸಲು ಜಾಗ ಇಲ್ಲ, ಮೆಟ್ರೋದಲ್ಲಿ ಬರುವುದು ಒಳ್ಳೆಯದು. ಒಂದು ವಾರ ತಪ್ಪಿದರೆ ಬುಧವಾರ ಸಂಜೆ ಫೋನ್ ಮಾಡಿ ಹೋಗಬಹುದು, ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ.