ತರಿ ಗೋಡೆ, ಚಿನ್ನದ ಪಟ್ಟಿ: ನೀಲಿ ಟೇಪ್ ಮತ್ತು ಅಕ್ರಿಲಿಕ್ ಸೀಲಂಟ್ ಬಳಸಿ ನೋಡಿದೆ

ದಾವಣಗೆರೆಯ ಪಿ.ಬಿ. ರಸ್ತೆಯ ಗ್ಯಾರೇಜೊಂದರಲ್ಲಿ ಹನ್ನೆರಡು ವರ್ಷ ಲಾರಿಗಳಿಗೆ ಬಣ್ಣ ಹೊಡೆದವನು ನಾನು. ಮೇಲೆ ಹಳದಿ, ಕೆಳಗೆ ಕೆಂಪು, ನಡುವೆ ಅರ್ಧ ಇಂಚಿನ ಬಿಳಿ ಗೆರೆ. ಮಾಸ್ಕಿಂಗ್ ಟೇಪ್ ಅಂಟಿಸಿ, ಸ್ಪ್ರೇ ಹೊಡೆದು, ಬಿಚ್ಚಿದರೆ ದಾರ ಹಿಡಿದ ಹಾಗೆ ಗೆರೆ ಬರುತ್ತಿತ್ತು. ಅದಕ್ಕೇ ಈ ಯುಗಾದಿಗೆ ಮುಂಚೆ ನಮ್ಮ ಮನೆಯ ಹಾಲ್‌ಗೆ ನಾನೇ ಬಣ್ಣ ಹೊಡೆಯಲು ನಿಂತಾಗ ಅಂಚಿನ ಬಗ್ಗೆ ಯೋಚನೆಯನ್ನೇ ಮಾಡಲಿಲ್ಲ.

ಹಾಲ್‌ನ ಒಂದು ಗೋಡೆಗೆ ಟೆಕ್ಸ್ಚರ್ ಇದೆ. ಕೈಯಾಡಿಸಿದರೆ ರವೆ ಉಂಡೆಯ ಹಾಗೆ ತರಿತರಿ. ಅದರ ಮೇಲೆ ಚೌಕಟ್ಟಿನ ಹಾಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪಟ್ಟಿ ಹೊಡೆಸಿದ್ದೇವೆ. ಸೂರಿನ ಕೆಳಗೆ ಪಿಒಪಿ ಕಾರ್ನಿಸ್, ಅಂದರೆ ಪ್ಲಾಸ್ಟರ್‌ನ ಅಲಂಕಾರದ ಅಂಚು. ಗೋಡೆಗೆ ಗಾಢ ಹಸಿರು, ಕಾರ್ನಿಸ್‌ಗೆ ಬಿಳಿ, ಪಟ್ಟಿಗೆ ಚಿನ್ನದ ಬಣ್ಣ. ಹಸಿರು ಮುಗಿಸಿ, ಒಂದು ದಿನ ಒಣಗಿಸಿ, ಪಟ್ಟಿಯ ಪಕ್ಕ ಗೋಡೆ ಮೇಲೆ ಟೇಪ್ ಅಂಟಿಸಿ ಚಿನ್ನದ ಬಣ್ಣ ಹೊಡೆದೆ. ಬಿಚ್ಚಿದಾಗ ಹಸಿರಿನೊಳಗೆ ಚಿನ್ನ ಹಲ್ಲುಹಲ್ಲಾಗಿ ನುಗ್ಗಿತ್ತು. “ಏನ್ರೀ ಇದು, ಇಲಿ ಕಡಿದಂಗೆ ಐತಲ್ಲ” ಅಂದಳು ನನ್ನಾಕೆ. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮಾಸ್ಕಿಂಗ್ ಟೇಪ್ ಹುಟ್ಟಿದ್ದೇ ಗ್ಯಾರೇಜ್‌ನವರಿಗಾಗಿ. ಅಮೆರಿಕದಲ್ಲಿ ಎರಡು ಬಣ್ಣದ ಕಾರುಗಳು ಬಂದಾಗ ಅಂಚು ಹಿಡಿಯಲು ಪೇಂಟರ್‌ಗಳು ಒದ್ದಾಡುವುದನ್ನು ನೋಡಿ, ತ್ರೀಎಂ ಕಂಪನಿಯ ರಿಚರ್ಡ್ ಡ್ರೂ 1925ರಲ್ಲಿ ಇದನ್ನು ಮಾಡಿದರು. ಕಾರಿನ ತಗಡು ನುಣುಪು, ಟೇಪ್ ಪೂರ್ತಿ ಕೂರುತ್ತದೆ. ತರಿ ಗೋಡೆ ಮೇಲೆ ಅದು ಬರೀ ಉಬ್ಬುಗಳ ಮೇಲೆ ನಿಲ್ಲುತ್ತದೆ. ತಗ್ಗುಗಳೆಲ್ಲ ಸಣ್ಣ ಸುರಂಗಗಳಾಗಿ ಉಳಿಯುತ್ತವೆ, ಬಣ್ಣ ಅಲ್ಲಿಂದಲೇ ಹರಿಯುತ್ತದೆ. ಎಷ್ಟೇ ದುಬಾರಿ ಟೇಪ್ ತಂದರೂ ಆ ಸುರಂಗ ಮುಚ್ಚದೆ ಗೆರೆ ಬರುವುದಿಲ್ಲ.

ಮುಚ್ಚುವ ಕೆಲಸ ಅಕ್ರಿಲಿಕ್ ಸೀಲಂಟ್‌ನದು, ಅಂದರೆ ಟ್ಯೂಬಿನಲ್ಲಿ ಬರುವ, ಸಂದಿ ತುಂಬುವ ಪೇಸ್ಟ್‌ನದು. ಇಲ್ಲಿ ಒಂದು ಎಚ್ಚರಿಕೆ. ಮೊದಲು ಹೋದ ಅಂಗಡಿಯಲ್ಲಿ ಸೀಲಂಟ್ ಕೇಳಿದರೆ ಸಿಲಿಕಾನ್ ಟ್ಯೂಬ್ ಕೊಟ್ಟರು, ನಾನೂ ನೋಡದೆ ತಂದೆ. ಸಿಲಿಕಾನ್ ಮೇಲೆ ಬಣ್ಣ ಹಿಡಿಯುವುದೇ ಇಲ್ಲ. ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಗುಂಡಗಾಗುತ್ತದೆ. ಒಂದೂವರೆ ಅಡಿ ಹಾಕಿದ್ದನ್ನು ಬ್ಲೇಡಿನಿಂದ ಕೆರೆದು ತೆಗೆಯಲು ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಟ್ಯೂಬ್ ಮೇಲೆ ಅಕ್ರಿಲಿಕ್ ಅಂತ, ಮೇಲೆ ಬಣ್ಣ ಹೊಡೆಯಬಹುದು ಅಂತ ಬರೆದಿರಬೇಕು. ಯಾವ ಕಂಪನಿ ಅನ್ನುವುದಕ್ಕಿಂತ ಅದು ಮುಖ್ಯ.

ಎರಡನೇ ಸಲ ಬಿಳಿ ಅಕ್ರಿಲಿಕ್ ತಂದೆ. ಮೂತಿಯನ್ನು ತೀರಾ ಸಣ್ಣದಾಗಿ, ಓರೆಯಾಗಿ ಕತ್ತರಿಸಿ, ಟ್ಯೂಬ್ ಒತ್ತುವ ಗನ್‌ಗೆ ಹಾಕಿ, ಪಟ್ಟಿಯೂ ಗೋಡೆಯೂ ಸೇರುವ ಕಡೆ ಶಾವಿಗೆ ಎಳೆಯಷ್ಟು ತೆಳುವಾಗಿ ಎಳೆದೆ. ಒದ್ದೆ ಬೆರಳಲ್ಲಿ ಒಂದೇ ಸಲ ಸವರಿದೆ. ಎರಡು ಸಲ ಸವರಿದರೆ ಅಲೆ ಏಳುತ್ತದೆ. ತಗ್ಗು ತುಂಬಿ, ಪಟ್ಟಿಯ ಪಕ್ಕ ಮೂರು ಮಿಲಿಮೀಟರ್‌ನಷ್ಟು ನುಣುಪಾದ ದಾರಿ ಆಯಿತು. ಮರುದಿನ ಅದರ ಮೇಲೆ ಹಸಿರು ಹೊಡೆದೆ. ಅದೂ ಒಣಗಿದ ಮೇಲೆ ಟೇಪ್.

ಟೇಪ್ ವಿಚಾರದಲ್ಲಿ ನನ್ನ ಮಾತು ಸ್ಪಷ್ಟ, ನೀಲಿಯದೇ ತನ್ನಿ. ಹಳದಿ ಟೇಪ್ ಗ್ಯಾರೇಜ್‌ಗೆ ಸರಿ. ನಮ್ಮ ಮಾರ್ಚ್ ಬಿಸಿಲಿಗೆ ಎರಡು ದಿನ ಬಿಟ್ಟರೆ ಅದರ ಅಂಟು ಗೋಡೆಯಲ್ಲೇ ಉಳಿಯುತ್ತದೆ, ಇಲ್ಲಾ ಗೋಡೆಯ ಹೊಸ ಎಮಲ್ಷನ್ ಬಣ್ಣವನ್ನೇ ಕಿತ್ತುಕೊಂಡು ಬರುತ್ತದೆ. ನೀಲಿಯದಕ್ಕೆ ಅಂಟು ಕಡಿಮೆ, ಬೆಲೆ ಜಾಸ್ತಿ. ಆದರೆ ಒಂದು ಹಾಲ್‌ಗೆ ಒಂದೇ ಸುರುಳಿ ಸಾಕಾಯಿತು.

ಟೇಪಿನ ಅಂಚನ್ನು ಪುಟ್ಟಿ ಬ್ಲೇಡಿನಿಂದ ಒತ್ತಿ, ಆ ಅಂಚಿನ ಮೇಲೆ ಮೊದಲು ಹಸಿರನ್ನೇ ತೆಳುವಾಗಿ ಹೊಡೆಯಿರಿ. ಸುಮ್ನೆ ಬಣ್ಣ ದಂಡ ಅನ್ನಿಸಬಹುದು. ಆದರೆ ಉಳಿದ ಸಂದಿಗೆ ಹಸಿರೇ ಹರಿದು ಒಣಗಿ ಬಾಗಿಲು ಮುಚ್ಚುತ್ತದೆ. ಹಸಿರಿನ ಮೇಲೆ ಹಸಿರು ಹರಿದರೆ ಕಾಣುವುದಿಲ್ಲ ಅಲ್ವಾ? ಆಮೇಲೆ ಹೊಡೆದ ಚಿನ್ನಕ್ಕೆ ಒಳಗೆ ಹೋಗಲು ಜಾಗವೇ ಇರುವುದಿಲ್ಲ. ತರಿ ಕಡಿಮೆ ಇರುವ ಗೋಡೆಗೆ ಇದೊಂದೇ ಸಾಕು, ಸೀಲಂಟ್ ಖರ್ಚು ಬೇಡ.

ಚಿನ್ನದ ಕೊನೆಯ ಕೋಟ್ ಹಸಿಯಾಗಿರುವಾಗಲೇ ಟೇಪ್ ಬಿಚ್ಚಬೇಕು. ನಿಧಾನವಾಗಿ, ಹಿಂದಕ್ಕೆ ಮಡಚಿ, ಓರೆಯಾಗಿ ಎಳೆಯಬೇಕು. ಮಂಡಕ್ಕಿ ಮೆಣಸಿನಕಾಯಿ ತಿಂದು ಬರುತ್ತೇನೆ ಅಂತ ಹೋದರೆ ನಮ್ಮ ಸೆಕೆಗೆ ಬಣ್ಣ ಚರ್ಮ ಕಟ್ಟಿರುತ್ತದೆ, ಟೇಪ್ ಜೊತೆ ಅಂಚೂ ಹರಿಯುತ್ತದೆ. ಒಂದು ಚೌಕಟ್ಟಿನಲ್ಲಿ ತಡವಾಯಿತು. ಹೊಸ ಬ್ಲೇಡಿನಿಂದ ಟೇಪಿನ ಅಂಚಿಗೆ ಹಗುರವಾಗಿ ಗೀರಿ ಆಮೇಲೆ ಬಿಚ್ಚಿದೆ, ಉಳಿಯಿತು.

ಕಾರ್ನಿಸ್ ಸುಲಭ. ಅಲ್ಲಿ ಕ್ರಮ ತಿರುಗಿಸಿದೆ. ಮೊದಲು ಬಿಳಿ ಮುಗಿಸಿ, ನುಣುಪಾದ ಕಾರ್ನಿಸ್ ಮೇಲೆಯೇ ಟೇಪ್ ಹಾಕಿ ಹಸಿರು ಹೊಡೆದೆ.

ಸೀಲಂಟ್‌ನ ಒಂದು ಕೊರತೆ ಹೇಳಲೇಬೇಕು. ಒಣಗುತ್ತಾ ಸ್ವಲ್ಪ ಕುಗ್ಗುತ್ತದೆ. ಆಳದ ಸಂದಿಗೆ ಎರಡು ಸಲ ಹಾಕಬೇಕಾಯಿತು. ಅಷ್ಟು ಬಿಟ್ಟರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಸಂಜೆ ಲೈಟ್ ಹಾಕಿದಾಗ ಆ ಚಿನ್ನದ ಗೆರೆ ನೋಡುತ್ತಾ ಕೂರುವುದು ನನಗೆ ನಿಜಕ್ಕೂ ಖುಷಿ.

ಟ್ಯೂಬಿನಲ್ಲಿ ಇನ್ನೂ ಅರ್ಧ ಇದೆ. ಮೂತಿಗೆ ಮೊಳೆ ಚುಚ್ಚಿ ಇಟ್ಟಿದ್ದೇನೆ. ಮುಂದಿನ ವಾರ ದೇವರ ಮನೆ.